ಠರಾವು ಪುಸ್ತಕದ ಪೆನ್ಸಿಲ್ ಸಾಲು

ತೀರ್ಥಹಳ್ಳಿ ಕಡೆಯ ಸಣ್ಣ ಸಹಕಾರ ಬ್ಯಾಂಕೊಂದರಲ್ಲಿ ನಾನು ಸಾಲ ವಿಭಾಗ ನೋಡಿಕೊಳ್ಳುತ್ತೇನೆ. ಈ ಸಲ ಸರ್ವಸದಸ್ಯರ ಸಭೆಗೆ ಬ್ಯಾಂಕಿನ ಇತಿಹಾಸ ಬರೆದುಕೊಡಿ ಎಂದರು ಅಧ್ಯಕ್ಷರು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ದೇಶದ ಮೊದಲ ಕೃಷಿ ಪತ್ತಿನ ಸಂಘ, 1966ರ ಮಾರ್ಚ್ 1ರಿಂದ ಸಹಕಾರ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಹತೋಟಿಗೆ ಬಂದದ್ದು, ಆಮೇಲೆ ನಮ್ಮ ಕಥೆ. ಎರಡು ಪುಟ ಸಾಕು ಅಂದುಕೊಂಡೆ.

ಹಳೆಯ ಬೀರುವಿನಲ್ಲಿ ಸಾಲ ಸಮಿತಿಯ ಠರಾವು ಪುಸ್ತಕಗಳಿದ್ದವು. ರಟ್ಟಿಗೆ ಬೂಸ್ಟು ಹಿಡಿದು, ಮಳೆಗಾಲದ ತೇವಕ್ಕೆ ಹಾಳೆಗಳು ಅಂಟಿಕೊಂಡಿದ್ದವು. ಒಂದೊಂದಾಗಿ ಬಿಡಿಸಿ ಓದಿದೆ. ಯಾರಿಗೆ, ಎಷ್ಟು, ಜಾಮೀನು ಯಾರು ಎಂಬುದರ ಜೊತೆಗೆ ಇನ್ನೊಂದು ಮಾತು ಮತ್ತೆ ಮತ್ತೆ ಬರುತ್ತಿತ್ತು: "ಕಂತು ಅಡಿಕೆ ಮಾರಾಟವಾದ ಮೇಲೆ." ಮನೆ ಹೆಂಚು ಬದಲಿಸುವ ಸಾಲಕ್ಕೂ ಹಾಗೆಯೇ, ಮಗಳ ಮದುವೆ ಸಾಲಕ್ಕೂ ಹಾಗೆಯೇ. ಪೇಟೆಯ ಅಂಗಡಿಯವರಿಗೆ ಮಾತ್ರ ತಿಂಗಳ ಕಂತು.

ಓದುತ್ತಾ ಆಗುಂಬೆ ಕಡೆಯ ಸದಸ್ಯರೊಬ್ಬರು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. ಹಿಂದಿನ ವರ್ಷ ಅವರ ಮನೆ ರಿಪೇರಿ ಸಾಲಕ್ಕೆ ತಿಂಗಳ ಕಂತು ಹಾಕಿದ್ದು ನಾನು. ಮೇವರೆಗೆ ಕಟ್ಟಿದರು. ಜೂನಿನಲ್ಲಿ ಮಕ್ಕಳ ಶಾಲೆ ಫೀಸು. ಅಡಿಕೆಯ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ, ಮರ ಹತ್ತಿ ಹೊಡೆಯುವ ಕೊನೆಗಾರರ ಕೂಲಿ. ಮಳೆ ಬಿಡದಿದ್ದರೆ ಮತ್ತೆ ಹೊಡೆಸಬೇಕು. ಆಗ ದುಡ್ಡು ಹೋಗುವುದೇ ಹೊರತು ಬರುವುದಿಲ್ಲ. ಅಡಿಕೆ ಗೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಶಿವಮೊಗ್ಗದ ಮಂಡಿಗೋ ಬೆಳೆಗಾರರ ಮಾರಾಟ ಸಹಕಾರ ಸಂಘವಾದ ಮ್ಯಾಮ್ಕೋಸಿಗೋ ಒಯ್ಯುವಷ್ಟರಲ್ಲಿ ಹೊಸ ವರ್ಷ ಬಂದಿರುತ್ತದೆ. ಸೆಪ್ಟೆಂಬರಿನಲ್ಲಿ ಬಾಕಿ 90 ದಿನ ದಾಟಿ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರಿತು, ನೋಟಿಸು ಹೋಯಿತು.

"ಅಪ್ಪಯ್ಯನ ಕಾಲದಿಂದ ಷೇರುದಾರರು ಮಾರಾಯ್ರೇ, ನಮ್ಮನೆಗೆ ನೋಟಿಸು ಬಂದಿದ್ದೇ ಇಲ್ಲ" ಎಂದು ಕೌಂಟರಿನ ಮುಂದೆ ನಿಂತು ಹೇಳಿದ್ದರು. ದನಿ ಏರಿಸಿರಲಿಲ್ಲ. ಫೆಬ್ರವರಿಯಲ್ಲಿ ಅಡಿಕೆ ಮಾರಿ ಬಾಕಿಯೆಲ್ಲ ಕಟ್ಟಿದರು.

ಅವರ ತಂದೆಯ ಸಾಲವೂ ಪುಸ್ತಕದಲ್ಲಿತ್ತು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಯಾರೋ ಬರೆದಿದ್ದರು: "ಈ ವರ್ಷ ಕೊಳೆ ಜಾಸ್ತಿ. ಬಡ್ಡಿ ಮಾತ್ರ ವಸೂಲಿ."

ಸಮಿತಿಯಲ್ಲಿದ್ದವರು ತಾವೂ ಬೆಳೆಗಾರರು, ಯಾರ ತೋಟಕ್ಕೆ ಕೊಳೆ ಬಂದಿದೆಯೆಂದು ಸಂತೆಯಲ್ಲೇ ಗೊತ್ತಾಗುತ್ತಿತ್ತು. ಅದೇ ಪರಿಚಯದ ದಾಕ್ಷಿಣ್ಯಕ್ಕೆ ಕೊಟ್ಟು ಮುಳುಗಿದ ಸಾಲಗಳೂ ಅದೇ ಪುಸ್ತಕದಲ್ಲಿವೆ. ಹಾಗಾಗಿ ಈಗಿನ ಬಿಗಿ ನಿಯಮ ಬೇಡವೆನ್ನಲಾರೆ. ಆದರೆ ಬೆಳೆ ನೋಡಿ ಕಂತಿನ ತಿಂಗಳು ಗೊತ್ತುಮಾಡಲು ಯಾವ ನಿಯಮವೂ ನನಗೆ ಅಡ್ಡ ಬಂದಿರಲಿಲ್ಲ. ದುಡ್ಡು ಯಾವಾಗ ಬರುತ್ತದೆ ಎಂದು ನಾನು ಕೇಳಿಯೇ ಇರಲಿಲ್ಲ.

ತಂದೆಯ ಸಾಲದ ಠರಾವನ್ನೂ ಆ ಪೆನ್ಸಿಲ್ ಬರಹವನ್ನೂ ನಕಲು ಮಾಡಿಕೊಂಡು ಆಗುಂಬೆ ಕಡೆಯ ಆ ಸದಸ್ಯರ ಮನೆಗೆ ಹೋದೆ. ತಂದೆಯ ಹೆಸರಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಾಫಿ ಕುಡಿಯುವಾಗ ಪಂಪ್‌ಸೆಟ್ಟಿಗೆ ಸಾಲ ಬೇಕಿತ್ತು ಎಂದರು. ಕಂತು ಮಾರ್ಚಿಗೆ ಎಂದು ಅಲ್ಲೇ ಜಗಲಿಯಲ್ಲಿ ಬರೆದುಕೊಂಡೆ.