ಹಳೆಯ ಕ್ರೆಡಿಟ್ ಕಾರ್ಡ್ ಬಾಕಿ ಮತ್ತು ಕಾಲಮಿತಿ

ಕಲಬುರಗಿಯ ನಮ್ಮ ಬಡಾವಣೆಯ ನಿವೃತ್ತ ಮಾಸ್ತರರೊಬ್ಬರಿಗೆ ಬಹಳ ವರ್ಷಗಳ ಹಿಂದಿನ ಕ್ರೆಡಿಟ್ ಕಾರ್ಡ್ ಬಾಕಿಗಾಗಿ ವಸೂಲಿಗಾರರ ಕರೆಗಳು ಮತ್ತೆ ಬರುತ್ತಿವೆ. 1963ರ ಕಾಲಮಿತಿ ಅಧಿನಿಯಮದಂತೆ ಇಂತಹ ಬಾಕಿಗೆ ಸಾಮಾನ್ಯವಾಗಿ 3 ವರ್ಷಗಳೊಳಗೆ ದಾವೆ ಹೂಡಬೇಕು. ಅವಧಿ ಮೀರಿದ ದಾವೆಯನ್ನು, ಪ್ರತಿವಾದಿ ಆಕ್ಷೇಪಿಸದಿದ್ದರೂ, ನ್ಯಾಯಾಲಯ ವಜಾ ಮಾಡಲೇಬೇಕು. ಸಾಲ ಅಳಿಯುವುದಿಲ್ಲ, ದಾವೆಯ ದಾರಿ ಮಾತ್ರ ಮುಚ್ಚುತ್ತದೆ.

ನನಗೆ ನಿಜವಾದ ಆತಂಕವಿರುವುದು ಸಹಿಯ ವಿಷಯದಲ್ಲಿ. ಅವಧಿ ಮುಗಿಯುವ ಮೊದಲು ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದರೆ 3 ವರ್ಷಗಳ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಮುಗಿದ ಮೇಲೂ, ತೀರಿಸುತ್ತೇನೆಂದು ಬರೆದು ಸಹಿ ಹಾಕಿದರೆ, 1872ರ ಕರಾರು ಅಧಿನಿಯಮದ 25(3)ನೇ ಕಲಮಿನಡಿ ಅದು ಜಾರಿಯಾಗಬಲ್ಲ ಹೊಸ ಕರಾರಾಗುತ್ತದೆ. ಆದ್ದರಿಂದ ಹಳೆಯ ಸ್ಟೇಟ್‌ಮೆಂಟಿನಲ್ಲಿ ಕೊನೆಯ ಪಾವತಿಯ ದಿನಾಂಕ ನೋಡಿ ವಕೀಲರನ್ನು ಕೇಳುವವರೆಗೆ ಯಾವ ಕಾಗದಕ್ಕೂ ಸಹಿ ಮಾಡಬೇಡಿರೆಂದೂ, ನ್ಯಾಯಾಲಯದ ಸಮನ್ಸ್ ಬಂದರೆ ಮಾತ್ರ ತಪ್ಪದೇ ಹಾಜರಾಗಿರೆಂದೂ ಅವರಿಗೆ ಹೇಳಿದ್ದೇನೆ.