ಉಚಿತ ಹೋಸ್ಟಿಂಗ್ ನಿಜವಾಗಿ ಕೊಡುವುದೇನು

ನಮ್ಮ ವೆಬ್ ತಂಡಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು, ತಾವೇ ಮಾಡಿದ ಒಂದು ಪ್ರಾಜೆಕ್ಟನ್ನು ಯಾರು ಬೇಕಾದರೂ ತೆರೆದು ನೋಡುವಂತೆ ಆನ್‌ಲೈನ್‌ಗೆ ಏರಿಸಿ ಎಂದು. ಇದಕ್ಕೆ ಹಣ ಬೇಕಿಲ್ಲ; ಗಿಟ್‌ಹಬ್ ಪೇಜಸ್ ಎಂಬ ಉಚಿತ ಹೋಸ್ಟಿಂಗ್ (ತಾಣದ ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟುಕೊಡುವ) ಸೇವೆ 2008ರಿಂದಲೂ ಇದೆ, ಒಂದು ತಾಣಕ್ಕೆ 1 ಜಿಬಿವರೆಗೆ ಜಾಗ ಕೊಡುತ್ತದೆ. ಆದರೆ ಈ ಸೇವೆ ನಮ್ಮ ಫೈಲುಗಳನ್ನು ಕೇಳಿದವರಿಗೆಲ್ಲ ಹಂಚುತ್ತದೆಯೇ ಹೊರತು, ಓದುಗರು ಪುಟ ತೆರೆದಾಗ ನಮ್ಮ ಪಿಎಚ್‌ಪಿ ಪ್ರೋಗ್ರಾಮನ್ನಾಗಲಿ ಡೇಟಾಬೇಸನ್ನಾಗಲಿ ನಡೆಸಿಕೊಡುವುದಿಲ್ಲ. ಎದುರಾಗುವ ಬಹುತೇಕ ತೊಡಕುಗಳ ಮೂಲ ಇಲ್ಲೇ ಇದೆ.

ನಾನು ಹೆಚ್ಚಾಗಿ ಕಾಣುವ ದೂರು, ಲ್ಯಾಪ್‌ಟಾಪಿನಲ್ಲಿ ಸರಿಯಾಗಿದ್ದ ಚಿತ್ರ ಆನ್‌ಲೈನ್‌ನಲ್ಲಿ ಬರುತ್ತಿಲ್ಲ ಎಂಬುದು. ಕ್ಯಾಮೆರಾದಿಂದ ಬಂದ ಫೈಲಿನ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂಬುದು ದೊಡ್ಡಕ್ಷರದಲ್ಲಿರುತ್ತದೆ, ಪುಟದಲ್ಲಿ ಅದನ್ನೇ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ವಿಂಡೋಸ್ ಎರಡನ್ನೂ ಒಂದೇ ಎಂದು ಭಾವಿಸುತ್ತದೆ, ಪುಟಗಳನ್ನು ಕಳಿಸುವ ಕಂಪ್ಯೂಟರ್ ಆದ ಸರ್ವರ್ ಭಾವಿಸುವುದಿಲ್ಲ. ಇದರ ಜೊತೆಗೇ ಬರುವ ಇನ್ನೊಂದು ಸಮಸ್ಯೆ, ವಿನ್ಯಾಸವೆಲ್ಲ ಕಳಚಿ ಬರಿಯ ಅಕ್ಷರಗಳಷ್ಟೇ ಉಳಿಯುವುದು. ಪ್ರಾಜೆಕ್ಟಿನ ವಿಳಾಸದಲ್ಲಿ ನಮ್ಮ ಬಳಕೆದಾರ ಹೆಸರಿನ ಡೊಮೇನ್ ಆದ ಮೇಲೆ ರೆಪಾಸಿಟರಿಯ (ಗಿಟ್‌ಹಬ್‌ನಲ್ಲಿ ಪ್ರಾಜೆಕ್ಟಿನ ಫೈಲುಗಳನ್ನು ಇಟ್ಟ ಸಂಗ್ರಹದ) ಹೆಸರು ಫೋಲ್ಡರಿನಂತೆ ಸೇರಿಕೊಳ್ಳುವುದರಿಂದ, ಓರೆಗೆರೆಯಿಂದ (/) ಶುರುವಾಗುವ, ವಿನ್ಯಾಸದ ಫೈಲಾದ ಸಿಎಸ್‌ಎಸ್‌ನ ಕೊಂಡಿ ಆ ಫೋಲ್ಡರನ್ನು ಬಿಟ್ಟು ಡೊಮೇನಿನ ಬುಡಕ್ಕೇ ಹೋಗಿ ಹುಡುಕುತ್ತದೆ. ಆ ಮೊದಲ ಓರೆಗೆರೆಯನ್ನು ತೆಗೆದರೆ ಮುಖಪುಟ ಸರಿಹೋಗುತ್ತದೆ.

ಇವು ತಿದ್ದಬಹುದಾದ ತೊಡಕುಗಳು. ನನಗೆ ನಿಜವಾಗಿ ಆತಂಕ ತರುವುದು ಎಪಿಐ ಕೀಲಿ, ಅಂದರೆ ಬೇರೊಂದು ಸೇವೆಯನ್ನು ನಮ್ಮ ಹೆಸರಿನಲ್ಲಿ ಬಳಸಲು ಅದು ಕೊಡುವ ಗುಟ್ಟಿನ ಸಂಕೇತ. ಉಚಿತ ಖಾತೆಯಲ್ಲಿ ಪೇಜಸ್ ಬಳಸಲು ರೆಪಾಸಿಟರಿ ಸಾರ್ವಜನಿಕವಾಗಿರಲೇಬೇಕು, ಹಾಗಾಗಿ ಅದರಲ್ಲಿ ಬರೆದ ಕೀಲಿಯೂ ಎಲ್ಲರಿಗೂ ಕಾಣುತ್ತದೆ. ಕೀಲಿ ಬರೆದ ಸಾಲನ್ನು ಅಳಿಸಿ ಮತ್ತೆ ಕಮಿಟ್ ಮಾಡಿದರೂ (ಬದಲಾವಣೆಯನ್ನು ಇತಿಹಾಸದಲ್ಲಿ ದಾಖಲಿಸಿದರೂ) ಹಳೆಯ ಕಮಿಟ್‌ನಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಕೀಲಿ ಹೊರಬಿದ್ದಿದೆ ಎಂದು ಗೊತ್ತಾದ ಕೂಡಲೇ ಅದನ್ನು ಕೊಟ್ಟ ಸೇವೆಯಲ್ಲಿಯೇ ರದ್ದುಪಡಿಸಬೇಕು, ಇತಿಹಾಸವನ್ನು ಸ್ವಚ್ಛಗೊಳಿಸುವುದು ಆಮೇಲಿನ ಮಾತು.

ಸರ್ವರಿನಲ್ಲಿ ಪ್ರೋಗ್ರಾಂ ನಡೆಯಲೇಬೇಕಾದ ಪ್ರಾಜೆಕ್ಟುಗಳಿಗೂ ಉಚಿತ ಯೋಜನೆಗಳುಂಟು, ಆದರೆ ಅವು ಎಷ್ಟು ದಿನ ಇರುತ್ತವೆ ಎಂಬುದು ನಮ್ಮ ಕೈಯಲ್ಲಿಲ್ಲ. ಇಂಥದ್ದೇ ಸೇವೆಯಾದ ಹೆರೋಕು ತನ್ನ ಉಚಿತ ಯೋಜನೆಯನ್ನು 2022ರ ನವೆಂಬರಿನಲ್ಲಿ ನಿಲ್ಲಿಸಿತು. ಫೈಲುಗಳಷ್ಟೇ ಇರುವ ತಾಣವಾದರೆ ಅದನ್ನು ಬೇರೊಂದು ಸೇವೆಗೆ ಸಾಗಿಸುವುದು ಒಂದು ಸಂಜೆಯ ಕೆಲಸ. ಹಾಗಾಗಿ ಸಾಧ್ಯವಿರುವವರು ಸ್ವಂತ ಡೊಮೇನ್ ಹೆಸರಿಗೆ ಮಾತ್ರ ವರ್ಷಕ್ಕೊಮ್ಮೆ ಹಣ ಕಟ್ಟುವುದು ಒಳ್ಳೆಯದು ಎಂದು ಹೇಳುತ್ತೇನೆ. ಹೋಸ್ಟಿಂಗ್ ಬದಲಾದರೂ ಓದುಗರಿಗೆ ಕೊಟ್ಟ ವಿಳಾಸ ಬದಲಾಗುವುದಿಲ್ಲ.