ಬೈತಲೆಯ ಮೇಲೊಂದು ಎಲೆಕ್ಟ್ರೋಡ್: ಇಇಜಿ ಕೆಲಸ ಎಲ್ಲಿಗೆ ಬಂತು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ವಾಚನಾಲಯದ ಹಿಂಬದಿಯ ಕೋಣೆಯಲ್ಲಿ ಇಇಜಿ, ಅಂದರೆ ತಲೆಗೆ ಎಲೆಕ್ಟ್ರೋಡ್ ಎಂಬ ಪುಟ್ಟ ಲೋಹದ ಬಿಲ್ಲೆ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಕೆಲಸ, ಮಳೆಯ ನಡುವೆಯೂ ಸಾಗಿದೆ. ಐದರಿಂದ ಏಳನೇ ತರಗತಿಯ ಮಕ್ಕಳು ಗಮನವಿಟ್ಟು ಕೇಳುವಾಗ ಹುಡುಗರ ಮತ್ತು ಹುಡುಗಿಯರ ಮಿದುಳಿನ ಅಲೆಗಳಲ್ಲಿ ವ್ಯತ್ಯಾಸ ಕಾಣುತ್ತದೆಯೇ ಎಂಬುದು ಪ್ರಶ್ನೆ. ಹುಡುಗರಿಗೆ ಗಮನವೇ ಇಲ್ಲ ಎಂದು ಊರಿನ ಮೇಷ್ಟರುಗಳು ಎಂದೋ ತೀರ್ಪು ಕೊಟ್ಟಾಗಿದೆ. ನನಗೆ ಅಷ್ಟು ಅವಸರವಿಲ್ಲ.

ಯಂತ್ರ ಸಿದ್ಧವಾಗಿದೆ: ಸಂಕೇತವನ್ನು ಸಂಖ್ಯೆಯಾಗಿ ಓದುವ ಆರ್ಡುಯಿನೊ ಊನೊ ಎಂಬ ಎಲೆಕ್ಟ್ರಾನಿಕ್ ಫಲಕ, ಜೊತೆಗೆ ಬಯೋಆಂಪ್ ಇಎಕ್ಸ್‌ಜಿ ಪಿಲ್ ಎಂಬ ಪುಟ್ಟ ವರ್ಧಕ (ಆಂಪ್ಲಿಫೈಯರ್). ನೆತ್ತಿಯಲ್ಲಿ ಸಿಗುವ ಸಂಕೇತ ಕೆಲವು ಹತ್ತು ಮೈಕ್ರೋವೋಲ್ಟ್ ಮಾತ್ರ. ಊನೊ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಓದುತ್ತದೆ, ಅಂದರೆ ಒಂದು ಮೆಟ್ಟಿಲೇ ಸುಮಾರು 5 ಮಿಲಿವೋಲ್ಟ್. ವರ್ಧಕವಿಲ್ಲದೆ ಏನೂ ಕಾಣದು. ಮಗುವಿನ ತಲೆಗೆ ತಂತಿ ಅಂಟಿರುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿಟ್ಟಿರಲೇಬೇಕು, ಸುರಕ್ಷತೆಯ ಮಾತು, ಅದರಲ್ಲಿ ರಾಜಿಯಿಲ್ಲ. ಮೊನ್ನೆ ಗಾಳಿಮಳೆಗೆ ಕರೆಂಟು ಹೋದಾಗ ಪರದೆಯ ಮೇಲಿದ್ದ, ಕರೆಂಟಿನ ತಂತಿಗಳಿಂದ ನುಸುಳುವ 50 ಹರ್ಟ್ಸ್‌ನ ಮುಳ್ಳು ಥಟ್ಟನೆ ಮಾಯವಾಯಿತು. ಕತ್ತಲಾಯಿತೆಂದು ಮಕ್ಕಳು ಕೂಗಾಡುತ್ತಿದ್ದರೆ ನಾನೊಬ್ಬನೇ ಖುಷಿಯಲ್ಲಿದ್ದೆ.

ಇಲ್ಲಿನ ಮಕ್ಕಳ ಮನೆಮಾತು ತುಳು, ಮಲಯಾಳ, ಕನ್ನಡ, ಕೊಂಕಣಿ, ಬ್ಯಾರಿ ಹೀಗೆ ಹಲವು. ಆದ್ದರಿಂದ ಪರೀಕ್ಷೆಯಲ್ಲಿ ಮಾತೇ ಬೇಡವೆಂದು ಬರೀ ಶಬ್ದ ಇಟ್ಟಿದ್ದೇನೆ. ಒಂದು ಪೆಟ್ಟು ಮತ್ತೆ ಮತ್ತೆ ಕೇಳುತ್ತದೆ, ನಡುನಡುವೆ ಅಪರೂಪಕ್ಕೆ ಬೇರೊಂದು. ಬೇರೆಯದನ್ನು ಮನಸ್ಸಿನಲ್ಲೇ ಎಣಿಸಬೇಕು. ಅಪರೂಪದ ಪೆಟ್ಟಿಗೆ ಚೆಂಡೆ ಬಳಸಿ ಎಂದು ಯಕ್ಷಗಾನದ ಗೆಳೆಯರೊಬ್ಬರು ಹೇಳಿದರು. ಆದರೆ ಚೆಂಡೆಯ ಅಬ್ಬರಕ್ಕೆ ಮಲಗಿದವನೂ ಎದ್ದು ಕೂರುತ್ತಾನೆ, ಅದರಲ್ಲಿ ಗಮನದ ಪಾಲೆಷ್ಟು? ಹಾಗಾಗಿ ಒಂದೇ ಮದ್ದಳೆಯ, ಒಂದೇ ಗಟ್ಟಿತನದ ಎರಡು ಬಗೆಯ ಪೆಟ್ಟುಗಳು.

ಗಮನ ಕೊಟ್ಟ ಮಿದುಳು ಅಪರೂಪದ ಪೆಟ್ಟಿಗೆ ಸುಮಾರು 300 ಮಿಲಿಸೆಕೆಂಡಿನ ಬಳಿಕ ಒಂದು ಉಬ್ಬು ತೋರಿಸುತ್ತದೆ; ಮಕ್ಕಳಲ್ಲಿ ತುಸು ತಡವಾಗಿ. ಇದನ್ನು 1965ರಲ್ಲಿ ಸ್ಯಾಮುಯೆಲ್ ಸಟನ್ ಮತ್ತು ಸಂಗಡಿಗರು ವರದಿ ಮಾಡಿದರು, ಪಿ300 ಎಂಬ ಹೆಸರು ನಿಂತಿತು. ಒಂದು ಪೆಟ್ಟಿನಲ್ಲಿ ಈ ಉಬ್ಬು ಬೇರೆ ಅಲೆಗಳ ಗದ್ದಲದಡಿ ಹೂತಿರುತ್ತದೆ. 36 ಪೆಟ್ಟುಗಳ ಸರಾಸರಿ ತೆಗೆದರೆ ಗದ್ದಲ ಆರನೇ ಒಂದಕ್ಕೆ ಇಳಿಯುತ್ತದೆ.

ಈ ಉಬ್ಬು ಚೆನ್ನಾಗಿ ಸಿಗುವುದು ಹಣೆಯಲ್ಲಲ್ಲ, ನೆತ್ತಿಯಿಂದ ಸ್ವಲ್ಪ ಹಿಂದೆ, ನಡುಗೆರೆಯ ಮೇಲೆ. ಕೂದಲಿನ ತಾಪತ್ರಯ ಇರುವುದೂ ಅಲ್ಲೇ. ಎಣ್ಣೆ ಹಚ್ಚಿದ ದಟ್ಟ ಕೂದಲಿನಿಂದ ಹುಡುಗಿಯರದೇ ಕಷ್ಟವಾದೀತೆಂದು ಎಲ್ಲರೂ ಹೇಳಿದ್ದರು. ನಡೆದದ್ದು ಉಲ್ಟಾ. ಎರಡು ಜಡೆ ಹಾಕಿದ ಹುಡುಗಿಯ ಬೈತಲೆ ಹಣೆಯಿಂದ ಕುತ್ತಿಗೆಯವರೆಗೆ ನೇರ ಹೋಗುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಪೇಸ್ಟ್ ಹಚ್ಚಿದರೆ ಎಲೆಕ್ಟ್ರೋಡ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಹುಡುಗರ ಮೋಟುಗೂದಲು ಸೆಟೆದು ನಿಂತು ಅದನ್ನು ಮೇಲಕ್ಕೆ ಎತ್ತುತ್ತದೆ, ಪರದೆಯ ಮೇಲಿನ ಗೆರೆ ನಡುಗುತ್ತದೆ. ಈ ನಡುಕವನ್ನೇ ಗಂಡುಮಿದುಳಿನ ಗುಣವೆಂದು ಬರೆಯುವುದು ಎಷ್ಟು ಸುಲಭ! ಈಗ ಹುಡುಗರಿಗೂ ಕ್ಲಿಪ್ಪು ಹಾಕಿ ಬೈತಲೆ ತೆಗೆಯುತ್ತಿದ್ದೇವೆ. ನಾಚಿಕೆಯಿಂದ ಅವರು ಮುಖ ಮುಚ್ಚಿಕೊಳ್ಳುವುದು ಬೇರೆ ಮಾತು.

ಇನ್ನೊಂದು ತೊಡಕಿದೆ. ಹೆಚ್ಚು ಅಲುಗಾಡುವ, ಕಣ್ಣು ಪಿಳುಕಿಸುವ ಮಗುವಿನ ದಾಖಲೆಯಲ್ಲಿ ಬಿಸಾಡಬೇಕಾದ ಪೆಟ್ಟುಗಳು ಹೆಚ್ಚು. ಉಳಿದ ಕೆಲವೇ ಪೆಟ್ಟುಗಳ ಸರಾಸರಿಯಲ್ಲಿ ಗದ್ದಲ ಸೇರಿಕೊಂಡು ಉಬ್ಬಿನ ತುದಿ ಇಲ್ಲದ ಎತ್ತರ ತೋರಿಸುತ್ತದೆ. ಅದಕ್ಕಾಗಿ ತುದಿಯನ್ನು ಬಿಟ್ಟು ನಿಗದಿತ ಅವಧಿಯ ಸರಾಸರಿ ಎತ್ತರವನ್ನೇ ಅಳೆಯುತ್ತೇನೆ, ಎಲ್ಲರ ದಾಖಲೆಯಿಂದಲೂ ಒಂದೇ ಸಂಖ್ಯೆಯ ಪೆಟ್ಟು. ತರಗತಿಯ ಬದಲು ಪ್ರಾಯವನ್ನು ತಿಂಗಳ ಲೆಕ್ಕದಲ್ಲಿ ಬರೆದಿಡುತ್ತೇನೆ. ಲೆನ್ರೂಟ್, ಗೀಡ್ ಮುಂತಾದವರ 2007ರ ಅಧ್ಯಯನದಲ್ಲಿ ಮಿದುಳಿನ ಗಾತ್ರ ಹುಡುಗಿಯರಲ್ಲಿ ಸುಮಾರು ಹತ್ತೂವರೆ ವರ್ಷಕ್ಕೆ, ಹುಡುಗರಲ್ಲಿ ಹದಿನಾಲ್ಕೂವರೆ ವರ್ಷಕ್ಕೆ ಗರಿಷ್ಠ ಮುಟ್ಟಿತ್ತು. ಗಾತ್ರವೇ ಗಮನವಲ್ಲ, ನಿಜ. ಆದರೂ ಬೆಳವಣಿಗೆಯ ಹಾದಿಯೇ ಹೀಗಿರುವಾಗ ಒಂದೇ ಬೆಂಚಿನವರನ್ನು ಒಂದೇ ಪ್ರಾಯವೆಂದು ಎಣಿಸುವಂತಿಲ್ಲ.

ಹೆತ್ತವರ ಒಪ್ಪಿಗೆಪತ್ರ ಕನ್ನಡ, ಮಲಯಾಳ ಎರಡರಲ್ಲೂ ಅಚ್ಚಾಗಿದೆ. ಓಣಂ ಪರೀಕ್ಷೆ ಮುಗಿದ ಕೂಡಲೇ ದಾಖಲೆ ಆರಂಭ. ಯಾವ ಸಂಖ್ಯೆ ಹುಡುಗ, ಯಾವುದು ಹುಡುಗಿ ಎಂಬ ಪಟ್ಟಿ ವಾಚನಾಲಯದ ಅಕ್ಕನ ಬೀರುವಿನಲ್ಲಿರುತ್ತದೆ. ಲೆಕ್ಕ ಮುಗಿಸಿ ಒಪ್ಪಿಸುವ ತನಕ ಬೀಗದಕೈ ಕೊಡುವುದಿಲ್ಲವೆಂದು ಅವರು ಈಗಲೇ ಹೇಳಿಬಿಟ್ಟಿದ್ದಾರೆ.